ಮುಚ್ಚಳ ಮರೆಯದ ಶಂಕ್ರೆಪ್ಪ

ಜಹೀರಾಬಾದಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಾರಾದರೂ ನೀರಿನ ಬಾಟಲಿಗೆ ಬಿರಡೆ ಹಾಕದೆ ಇಟ್ಟರೆ, "ಏ, ಶಂಕ್ರೆಪ್ಪ ನೋಡಿದ್ನಂದ್ರ ಬೈತಾನ" ಎಂದು ಪಕ್ಕದವರು ಎಚ್ಚರಿಸುತ್ತಾರೆ. ಬರೀ ತಮಾಷೆಗೆ ಹೇಳುವ ಮಾತಲ್ಲ ಅದು. ತೆರೆದ ಪಾತ್ರೆ ಕಂಡರೆ ಸಾಕು, ಈ ಮನುಷ್ಯನಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತದೆ. ಬೀಗರ ಮನೆಯ ಮದುವೆಯಲ್ಲಿ ಸಾರಿನ ಬಕೀಟು ಮುಚ್ಚಲಿಲ್ಲವೆಂದು ತುಂಬಿದ ಪಂಕ್ತಿಯ ನಡುವೆ ಅಡುಗೆಯವನನ್ನು ಗದರಿಸಿದ ಆಸಾಮಿ. ಮನೆಯಲ್ಲಿ ಉಪ್ಪಿನಕಾಯಿ ಭರಣಿ, ಹಿಟ್ಟಿನ ಡಬ್ಬಿ, ನೀರಿನ ಕೊಡ, ಎಲ್ಲದರ ಮುಚ್ಚಳವನ್ನೂ ಒಮ್ಮೆ ಒತ್ತಿ ನೋಡಿಯೇ ಹಾಸಿಗೆಗೆ ಹೋಗುವವನು. ಹೆಂಡತಿ ತಾರಾಬಾಯಿ ಲಗ್ನವಾದ ಹೊಸದರಲ್ಲಿ ಇದನ್ನು ಕಂಡು, ತನ್ನ ಅಡುಗೆಮನೆಯ ಮೇಲೆ ಗಂಡನಿಗೆ ನಂಬಿಕೆ ಇಲ್ಲವೆಂದು ಅತ್ತಿದ್ದಳಂತೆ. ಅವನ ಸಂಶಯ ಧೂಳಿನ ಮೇಲೆ, ತನ್ನ ಮೇಲಲ್ಲ ಎಂಬುದು ಅವಳಿಗೆ ಅರ್ಥವಾಗಲು ಒಂದು ಬೇಸಿಗೆಯೇ ಹಿಡಿಯಿತು.

ಧೂಳಿನ ಮೇಲೆ ಅಷ್ಟು ಸಂಶಯ ಯಾಕೆ ಅಂದರೆ, ಕೆಲಸವೇ ಅಂಥದ್ದು. ಮೋಟಾರ್‌ಸೈಕಲ್ಲಿನ ಎಂಜಿನ್ನಿನ ಹೊಟ್ಟೆಯೊಳಗೆ ಕ್ರ್ಯಾಂಕ್ ಅಂತ ಒಂದಿರುತ್ತದೆ. ಎರಡು ದಪ್ಪ ಕಬ್ಬಿಣದ ಚಕ್ರ, ಅವನ್ನು ನಡುವೆ ಜೋಡಿಸುವ ಒಂದು ಪಿನ್ನು, ಆಚೆಗೊಂದು ಈಚೆಗೊಂದು ದಂಡ. ಪಿಸ್ಟನ್ನು ಮೇಲೆ ಕೆಳಗೆ ಓಡಿದರೆ ಇದು ತಿರುಗುತ್ತದೆ, ಇದು ತಿರುಗಿದರೆ ಗಾಡಿ ಓಡುತ್ತದೆ. ಆ ಎರಡು ದಂಡಗಳು ಒಂದೇ ನೇರದಲ್ಲಿ ಇರಬೇಕು. ತಲೆಗೂದಲಿಗಿಂತ ಸಣ್ಣ ಡೊಂಕು ಬಂದರೂ ಗಾಡಿ ನಡುಗುತ್ತದೆ, ಹಿಡಿಕೆ ಹಿಡಿದ ಕೈ ಜೋಮು ಹಿಡಿಯುತ್ತದೆ, ಕೊನೆಗೆ ಬೇರಿಂಗೂ ಹೋಗುತ್ತದೆ. ಈ ಡೊಂಕಿಗೆ ನಮ್ಮ ಕಡೆಯ ಮೆಕ್ಯಾನಿಕರು 'ಔಟ್' ಅನ್ನುತ್ತಾರೆ. ಎಂಜಿನ್ನನ್ನು ನಾರಾಯಣಖೇಡದಲ್ಲಿ ಬಿಚ್ಚಲಿ, ತಾಂಡೂರಿನಲ್ಲಿ ಬಿಚ್ಚಲಿ, ಔಟ್ ನೋಡಲು ಮಾತ್ರ ಕ್ರ್ಯಾಂಕು ಗೋಣಿತಟ್ಟಿನಲ್ಲಿ ಸುತ್ತಿಸಿಕೊಂಡು, ಬಸ್ಸಿನ ಸೀಟಿನ ಕೆಳಗೆ ಕೂತು, ಶಂಕ್ರೆಪ್ಪನ ಅಂಗಡಿಗೇ ಬರುತ್ತದೆ.

ಅಂಗಡಿಯೆಂದರೆ ಒಂದು ಶಟರು, ಒಂದು ಮೇಜು. ಮೇಜಿನ ಮೇಲೆ ಒಂದಕ್ಕೊಂದು ಮುಖ ಮಾಡಿ ನಿಂತ ಎರಡು ಉಕ್ಕಿನ ಮೊನೆಗಳು. ಕ್ರ್ಯಾಂಕಿನ ಎರಡೂ ದಂಡಗಳ ತುದಿಯಲ್ಲಿ ಸಣ್ಣ ಕುಳಿ ಇರುತ್ತದೆ. ಆ ಕುಳಿಗಳಿಗೆ ಮೊನೆ ಕೊಟ್ಟು ಕ್ರ್ಯಾಂಕನ್ನು ನಡುವೆ ತೂಗಿಸಬೇಕು. ದಂಡದ ಮೈಗೆ ಡಯಲ್ ಅನ್ನುವ ಗಡಿಯಾರದಂಥ ಮಾಪಕದ ತುದಿ ತಾಗಿಸಿ, ಕ್ರ್ಯಾಂಕನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಬೇಕು. ಮುಳ್ಳು ಎಲ್ಲಿ ಏರುತ್ತದೋ ಅಲ್ಲಿ ಉಬ್ಬು. ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಕೆಳಗಿಳಿಸಿ, ಚಕ್ರದ ಅಂಚಿಗೆ ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ಮೊನೆಗೆ ಏರಿಸು, ಮತ್ತೆ ನೋಡು. ಪೆಟ್ಟು ಹೆಚ್ಚಾದರೆ ಡೊಂಕು ಆಚೆ ಬದಿಗೆ ಹೋಗುತ್ತದೆ, ಕಡಿಮೆಯಾದರೆ ಕ್ರ್ಯಾಂಕು ಸೊಪ್ಪು ಹಾಕುವುದಿಲ್ಲ. ಹೇಳುವುದಕ್ಕೆ ಇಷ್ಟೇ. ಮಾಡಿ ನೋಡಿದವರಿಗೇ ಗೊತ್ತು ಅದರ ಕಷ್ಟ.

ಶಂಕ್ರೆಪ್ಪ ಇದನ್ನು ಕಲಿತದ್ದು ತಾಂಡೂರಿನಲ್ಲಿ. ಹುಟ್ಟೂರು ರಾಯಿಕೋಡ್. ಮನೆತನದವರೆಲ್ಲ ಹೊಲ ನಂಬಿದವರು, ಲಿಂಗಪೂಜೆ ಮುಗಿಸದೆ ನೀರೂ ಮುಟ್ಟದವರು. ಇವನೊಬ್ಬ ಮೀಸೆ ಮೂಡುವ ಮುಂಚೆಯೇ ಕಬ್ಬಿಣದ ಹುಚ್ಚು ಹತ್ತಿಸಿಕೊಂಡು ತಾಂಡೂರಿನ ಒಬ್ಬ ಮುಸಲ್ಮಾನ ಉಸ್ತಾದರ ಲೇತ್ ಅಂಗಡಿ ಸೇರಿದ. ಸುತ್ತ ಎಲ್ಲ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಾರ್ಖಾನೆಗಳು. ಊರ ಮೇಲೆ ಹಗಲೆಲ್ಲ ಬಿಳಿ ಪುಡಿ. ಉಸ್ತಾದರು ಕಲಿಸಿದ ಮೊದಲ ಪಾಠ ಸುತ್ತಿಗೆಯದಲ್ಲ, ಮುಚ್ಚಳದ್ದು. "ಶಂಕರ್ ಮಿಯಾ, ಡಬ್ಬಿ ತೆರೆದಿಟ್ಟವ್ನ ಕೈಯಾಗ ಡಯಲ್ ಕೊಡಬಾರ್ದು" ಅನ್ನುತ್ತಿದ್ದರು. ಎರಡನೆಯ ಪಾಠ, 'ಜಲ್ದಿ ಕಾ ಕಾಮ್ ಶೈತಾನ್ ಕಾ', ಅವಸರದ ಕೆಲಸ ಸೈತಾನನದು. ಮೂರನೆಯದು, ಕೆಲಸ ಕೆಟ್ಟರೆ ಹತಾರ ಬೈಯಬೇಡ, ಮೊದಲು ನಿನ್ನ ಕೈ ನೋಡಿಕೋ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂದು ಅವ್ವನೂ ರಾಯಿಕೋಡಿನಲ್ಲಿ ಇದನ್ನೇ ಹೇಳುತ್ತಿದ್ದಳು. ಈ ಮೂರು ಮಾತು ಕಟ್ಟಿಕೊಂಡು ಜಹೀರಾಬಾದಿಗೆ ಬಂದವನು, ಕೂದಲು ನೆರೆತರೂ ಒಂದನ್ನೂ ಬಿಟ್ಟಿಲ್ಲ.

ಮೊನೆಗೆ ಹಚ್ಚಲು ಅವನ ಬಳಿ ಒಂದು ಸಣ್ಣ ಗ್ರೀಸಿನ ಡಬ್ಬಿ ಇದೆ. ಅದರ ವೈಭವ ನೋಡಬೇಕು! ಹಿತ್ತಾಳೆ ಡಬ್ಬಿ, ತಿರುಗಿಸಿ ಹಾಕುವ ಮುಚ್ಚಳ, ಅದರ ಮೇಲೊಂದು ತೊಳೆದ ಬಟ್ಟೆ. ಕ್ರ್ಯಾಂಕ್ ಏರಿಸುವ ಮುಂಚೆ ಮೊನೆಗಳನ್ನು ಒರೆಸು, ಕುಳಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆ, ಡಬ್ಬಿ ತೆರೆ, ಚಿಟಿಕೆ ಗ್ರೀಸು ಮೊನೆಗೆ ಹಚ್ಚು, ತಕ್ಷಣ ಡಬ್ಬಿ ಮುಚ್ಚು. ಈ ಸಾಲು ಎಂದೂ ತಪ್ಪುವುದಿಲ್ಲ. ಅಂಗಡಿಯ ಕಸ ಹೊಡೆಯುವುದು ಮಾತ್ರ ತಾರಾಬಾಯಿಯ ಕೆಲಸ. ಬೆಳಿಗ್ಗೆ ಗಂಡ ಮನೆಯಲ್ಲಿ ಲಿಂಗಪೂಜೆಗೆ ಕೂತಾಗ ಅವಳು ಬಂದು ಶಟರು ಎತ್ತಿ, ಕಸ ಹೊಡೆದು, ಮೂಲೆಯ ಬಸವಣ್ಣನ ಪಟಕ್ಕೆ ಊದುಬತ್ತಿ ಹಚ್ಚಿ ಹೋಗುತ್ತಾಳೆ. ಪೊರಕೆಯ ಧೂಳು ಇಳಿದು ನೆಲ ಸೇರುವ ಹೊತ್ತಿಗೆ ಅವನು ಬರುತ್ತಾನೆ. ಇವರಿಬ್ಬರ ಸಂಸಾರ ಹೀಗೆ ಒಬ್ಬರ ಹೊತ್ತು ಇನ್ನೊಬ್ಬರು ತಿಳಿದು ನಡೆಸಿದ್ದು. ಇದ್ದೊಬ್ಬ ಮಗಳು ಜಗದೇವಿ ತಾಂಡೂರಿಗೆ ಕೊಟ್ಟವಳು, ಹಬ್ಬಕ್ಕೆ ಬರುತ್ತಾಳೆ, ಬಂದಾಗ ಅಪ್ಪನನ್ನು ಕೆಣಕಲೆಂದೇ ಸಕ್ಕರೆ ಡಬ್ಬಿ ತೆರೆದಿಟ್ಟು ಹೋಗುತ್ತಾಳೆ.

ಹೀಗೆ ನೆಟ್ಟಗೆ ಹೋಗುತ್ತಿದ್ದ ಬದುಕಿಗೆ ಕಳೆದ ದೀಪಾವಳಿಯ ಹೊತ್ತಿಗೆ ಔಟ್ ಬಂತು. ಜ್ವರ ಬಿಟ್ಟ ಮಾರನೆಯ ದಿನವೇ, ಬೇಡವೆಂದರೂ ಕೇಳದೆ ಶಂಕ್ರೆಪ್ಪ ಅಂಗಡಿಗೆ ಹೋಗಿ ಒಂದು ಕ್ರ್ಯಾಂಕಿಗೆ ಪೆಟ್ಟು ಹೆಚ್ಚು ಹಾಕಿದ. ಅದು ವಾಪಸು ಬಂತು. ಅವನ ಅಂಗಡಿಗೆ ಕ್ರ್ಯಾಂಕು ವಾಪಸು ಬರುವುದೆಂದರೆ ಹೆಣ ಎದ್ದು ಕೂತಂತೆ. ಸರಿ ಮಾಡಿ ಕಳಿಸಿದ, ಆದರೆ ಮನಸ್ಸಿಗೆ ಒಂದು ಮುಳ್ಳು ಚುಚ್ಚಿಕೊಂಡಿತು. ಅವತ್ತು ಸಂಜೆ ಚಹಾ ಕುಡಿಯುವಾಗ ಕೈಯಲ್ಲಿದ್ದ ಬಸಿಯ ಮೇಲೆ ಕಪ್ಪು ಕಟಕಟ ಸದ್ದು ಮಾಡಿತು. ಇಬ್ಬರೂ ಕೇಳಿಸಿಕೊಂಡರು.

"ಏನಾತ್ರಿ?" ಎಂದಳು ತಾರಾಬಾಯಿ.

"ಏನಿಲ್ಲ. ಕೈ ನಡುಗಾಕ ಹತ್ಯಾದ."

"ಥಂಡಿ ಇರಬೇಕು ಬಿಡ್ರಿ."

"ಥಂಡಿ ಅಲ್ಲ ತಾರಾ. ಈ ಕೈ ಹೋತಂದ್ರ ನಾ ಏನು ಉಳದೆ? ನಾಲ್ಕು ಮಂದಿ ಕೂತು ಹರಟಿ ಹೊಡಿಯೋ ಕಟ್ಟಿ ಮ್ಯಾಲ ಐದನೇದಾಂವ ಆಗಿ ಕೂಡ್ಲಿ?"

ಮುಂದಿನ ಸೋಮವಾರ ತಾರಾಬಾಯಿ ಝರಾಸಂಗಮಕ್ಕೆ ಹೋಗಿ ಸಂಗಮೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದಳು. ಗಂಡನ ಹಣೆಗೆ ವಿಭೂತಿ ಬಳಿದು, ಬಾಯಿಗೆ ಕೊಬ್ಬರಿ ಸಕ್ಕರೆ ಹಾಕಿದಳು. ಅವನು ತಿಂದ, ಮರೆತ.

ದೇವರಿಗೆ ಕೈಮುಗಿದ ಮೇಲೆ ಕಷ್ಟ ಕಳೆಯಬೇಕಲ್ಲವೇ? ಇಲ್ಲಿ ಉಲ್ಟಾ ಆಯಿತು. ಒಂದಾದ ಮೇಲೊಂದು ಕ್ರ್ಯಾಂಕು ತಿರುಗಿ ಬರತೊಡಗಿದವು. ರಾಯಿಕೋಡಿಂದ ಒಂದು, ನಾರಾಯಣಖೇಡದಿಂದ ಒಂದು, ಯಾಲಾಲದಿಂದ ಇನ್ನೊಂದು. ಮೊನೆಯ ಮೇಲೆ ನೋಡಿದಾಗ ಮುಳ್ಳು ಅಲುಗುವುದಿಲ್ಲ. ಗಾಡಿಗೆ ಹಾಕಿದ ಮೇಲೆ ದಡದಡ. ಇನ್ನೂ ವಿಚಿತ್ರವೆಂದರೆ, ಒಂದೇ ಕ್ರ್ಯಾಂಕನ್ನು ಇಳಿಸಿ ಮತ್ತೆ ಏರಿಸಿದರೆ ಮುಳ್ಳು ಬೇರೆ ಕಡೆಗೆ ಏರುತ್ತಿತ್ತು. ಕಬ್ಬಿಣ ಎಲ್ಲಾದರೂ ಊಸರವಳ್ಳಿಯಂತೆ ಬಣ್ಣ ಬದಲಿಸುತ್ತದೆಯೇ? ಮೊನೆ ಒರೆಸಿದ್ದಾಗಿದೆ, ಕುಳಿ ತೊಳೆದದ್ದಾಗಿದೆ, ಡಬ್ಬಿ ಮುಚ್ಚಿದ್ದಾಗಿದೆ. ಹಾಗಾದರೆ ಉಳಿದದ್ದು ಯಾವುದು? ಉಸ್ತಾದರ ಮೂರನೆಯ ಪಾಠ. ಕೈ. ಇಲ್ಲವೇ ಕಣ್ಣು.

ಓಣಿಯ ಆಚೆ ತುದಿಯ ಮೆಕ್ಯಾನಿಕ್ ಸಂಜೀವಕುಮಾರ ಇವನಿಗೆ ಅತಿ ಹೆಚ್ಚು ಕೆಲಸ ಕೊಡುವವನು, ಮಗನಂಥವನು. ಅವನೇ ಒಂದು ದಿನ ಬಂದು, ನೆಲ ನೋಡುತ್ತ ಹೇಳಿದ. "ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಭಾಳ ಮಾಡೀರಿ. ಇನ್ನ ಆರಾಮ ಕೂಡ್ರಿ."

ಬೈದಿದ್ದರೆ ಶಂಕ್ರೆಪ್ಪ ತಿರುಗಿ ಬೈಯುತ್ತಿದ್ದ. ಇಷ್ಟು ಮೆತ್ತಗೆ ಹೇಳಿದ್ದಕ್ಕೆ ಡಯಲಿಗೆ ಬಟ್ಟೆ ಮುಚ್ಚಿಟ್ಟ. ನಾರಾಯಣಖೇಡದಲ್ಲಿ ಮೈಲಾರಿ ಅಂತ ಒಬ್ಬ ಲೇತಿನವನು ಬಹಳ ದಿನದಿಂದ ಈ ಮೊನೆ, ಡಯಲು, ಸುತ್ತಿಗೆ ಎಲ್ಲ ಒಟ್ಟಿಗೆ ಕೊಳ್ಳಲು ಕೇಳುತ್ತಿದ್ದ. ಅವನಿಗೆ ಫೋನು ಮಾಡಿ, "ಸೋಮವಾರ ಟೆಂಪೋ ತಗೊಂಡು ಬಾ" ಎಂದುಬಿಟ್ಟ. ಅವತ್ತು ರಾತ್ರಿ ಮುಚ್ಚಳಗಳನ್ನು ಒತ್ತಿ ನೋಡುವುದನ್ನೂ ಮರೆತು ಮಲಗಿದ. ತಾರಾಬಾಯಿ ಎದ್ದು ಹೋಗಿ, ಅವನ ಬದಲಿಗೆ ತಾನೇ ಒಂದೊಂದನ್ನೂ ಒತ್ತಿ ಬಂದಳು.

ಇನ್ನು ಯಂಕಪ್ಪನ ಕಥೆ ಹೇಳಬೇಕು. ಮೊಗುಡಂಪಲ್ಲಿಯ ಕುರಿಗಾರ. ಹಿಂಡು ಒಮ್ಮೊಮ್ಮೆ ಬೀದರ ಸೀಮೆಯ ಹೊಲಗಳಲ್ಲಿ ತಂಗಿರುತ್ತದೆ, ಮನೆ ಈಚೆ. ಆಗ ದಿನಾ ರಾಜ್ಯದ ಗಡಿ ದಾಟಿ ಹೋಗಿ ಬರುವುದಕ್ಕೆ ಒಂದು ಹಳೆ ಮೋಟಾರ್‌ಸೈಕಲ್ಲು. ಅದರ ಕ್ರ್ಯಾಂಕನ್ನು ಶಂಕ್ರೆಪ್ಪ ಹದಿನೈದು ದಿನದ ಹಿಂದೆ ನೋಡಿಕೊಟ್ಟಿದ್ದ. ಮೈಲಾರಿ ಬರುವುದು ನಾಳೆ ಅನ್ನುವಾಗ, ಭಾನುವಾರ ಬೆಳಿಗ್ಗೆ, ಯಂಕಪ್ಪ ಅದೇ ಕ್ರ್ಯಾಂಕನ್ನು ಕಂಬಳಿಯಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು ಬಂದ.

"ಶಂಕ್ರೆಪ್ಪಣ್ಣ, ಸಿಟ್ಟಿಗಿ ಬರಬ್ಯಾಡ್ರಿ. ಗಾಡಿ ಮ್ಯಾಲ ಕುಂತ್ರ ಚಳಿಜ್ವರ ಬಂದಂಗ ಆಗ್ತದ. ಕುರಿಮರಿ ಮುಂದ ಇಟ್ಕೊಂಡ್ರ ಜಿಗದು ಓಡ್ತಾವ. ನನ್ನ ಹೆಂಡ್ತಿ ಮೋನಮ್ಮಂತೂ, ನಾ ನಡಕೋತನ ಬರ್ತೀನಿ, ನೀ ಹೋಗು ಅಂತಾಳ."

ಬೇರೆ ದಿನವಾಗಿದ್ದರೆ ಶಂಕ್ರೆಪ್ಪ ನಗುತ್ತಿದ್ದ. "ಕೂಡು," ಎಂದ ಅಷ್ಟೆ. ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ, ಇದು ಕೊನೆಯದು. ಇದನ್ನು ನೆಟ್ಟಗೆ ಮಾಡಿದರೆ ಮಾನ ಉಳಿಸಿಕೊಂಡು ಸುತ್ತಿಗೆ ಕೆಳಗಿಡುತ್ತೇನೆ. ಆಗದಿದ್ದರೆ ಮಾನ ಬಿಟ್ಟು ಇಡುತ್ತೇನೆ. ಇಡುವುದಂತೂ ಇಡುವುದೇ.

ಮೊನೆ ಒರೆಸಿದ. ಕುಳಿ ತೊಳೆದ. ಡಬ್ಬಿ ತೆರೆದು ಗ್ರೀಸು ಹಚ್ಚಿ, ಮುಚ್ಚಿದ. ಕ್ರ್ಯಾಂಕನ್ನು ಏರಿಸಿ, ಉಸಿರು ಹಿಡಿದು ತಿರುಗಿಸಿದ. ಮುಳ್ಳು ಪಿನ್ನಿನ ಕಡೆ ಏರಿತು. ಗುರುತು ಹಾಕಿದ. ಸುತ್ತಿಗೆ ಎತ್ತುವ ಮುಂಚೆ ಏನೋ ಅನುಮಾನ ಬಂದು ಇಳಿಸಿ, ಒರೆಸಿ, ಮತ್ತೆ ಏರಿಸಿದ. ಈ ಸಲ ಮುಳ್ಳು ಪಿನ್ನಿನ ಎದುರು ಕಡೆ ಏರಿತು. ಪೆಟ್ಟೇ ಬಿದ್ದಿಲ್ಲ, ಡೊಂಕು ಮಾತ್ರ ಮನೆ ಬದಲಿಸಿದೆ! ಕೈ ನೋಡಿಕೊಂಡ. ನಡುಗುತ್ತಿತ್ತು, ಈಗ ಎಲ್ಲರಿಗೂ ಕಾಣುವಷ್ಟು. ಅಂಗಿಯ ಜೇಬಿಗೆ ಸೇರಿಸಿದ.

ಕೆಲಸ ನೋಡುತ್ತ ಸುಮ್ಮನೆ ಕೂಡುವ ಜಾತಿಯಲ್ಲ ಯಂಕಪ್ಪ. ಸೊಂಟದ ಚೀಲದಿಂದ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದು ಒರೆಸುತ್ತ ಕೂತಿದ್ದ. ಅದರ ಕೀಲು ಬಿಗಿದಿತ್ತು.

"ಅಣ್ಣಾ, ನಿಮ್ಮ ಗ್ರೀಸ್ ಒಂದೀಟು ತಗೊಳ್ಳೇನ್ರಿ?"

"ತಗೋ. ಮುಚ್ಚಳ ಹಾಕು," ಎಂದ ಶಂಕ್ರೆಪ್ಪ, ಅಭ್ಯಾಸಬಲದಿಂದ.

ಯಂಕಪ್ಪ ಬೆರಳ ತುದಿಯಲ್ಲಿ ಗ್ರೀಸು ತೆಗೆದು ಕೀಲಿಗೆ ಹಚ್ಚಿ ಕತ್ತರಿ ಆಡಿಸಿದ. ಕರ್ರ್. ಮತ್ತೆ ಆಡಿಸಿದ. ಕರ್ರ್, ಕರ್ರ್. ಮುಖ ಕಿವುಚಿದ.

"ಏನಣ್ಣಾ ಇದು, ಇದರಾಗ ಉಸುಕು ಅದಲ್ರಿ! ಮೊದಲೇ ಛಲೋ ಇತ್ತು ನನ್ನ ಕತ್ತರಿ."

"ಹುಚ್ಚನಂಗ ಮಾತಾಡಬ್ಯಾಡ," ಎಂದು ಶಂಕ್ರೆಪ್ಪ ರೇಗಿದ. ತನ್ನ ಡಬ್ಬಿಯಲ್ಲಿ ಉಸುಕು! ಹೆತ್ತ ತಾಯಿಯನ್ನು ಕಳ್ಳಿ ಅಂದಂತಾಯಿತು ಅವನಿಗೆ. ಡಬ್ಬಿ ಕಿತ್ತುಕೊಂಡು, ಯಂಕಪ್ಪನ ಬಾಯಿ ಮುಚ್ಚಿಸಲೆಂದೇ ಒಂದು ಚಿಟಿಕೆ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದ.

ಉಜ್ಜುತ್ತಿದ್ದ ಬೆರಳು ಹಾಗೇ ನಿಂತಿತು. ಸಣ್ಣ ಸಣ್ಣ ಕಣ. ಉಸುಕಿನಷ್ಟು ಗಡಸಲ್ಲ, ಆದರೆ ಇದೆ. ಬೆಳಕಿಗೆ ಹಿಡಿದ. ಹಳದಿ ಗ್ರೀಸಿನಲ್ಲಿ ಬಿಳಿ ಚುಕ್ಕೆ. ಮೂಗಿಗೆ ಹಿಡಿದ. ಗ್ರೀಸಿನ ವಾಸನೆಯ ಹಿಂದೆ ಇನ್ನೊಂದು ವಾಸನೆ, ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂತಾಗ ತನ್ನ ಹಣೆಯಿಂದಲೇ ಬರುವಂಥದ್ದು, ಕರ್ಪೂರ ಬೆರೆತದ್ದು.

ವಿಭೂತಿ.

ಮೊದಲು ಬಂದದ್ದು ಸಂತೋಷ. ಕೈ ಹೋಗಿಲ್ಲ! ಕಣ್ಣು ಹೋಗಿಲ್ಲ! ಮೊನೆಯ ಮೇಲೆ ಹಚ್ಚಿದ ಗ್ರೀಸಿನ ಒಂದು ಕಣ ಕುಳಿಯ ಒಂದು ಬದಿಗೆ ಮೆತ್ತಿಕೊಂಡರೆ ಸಾಕು, ಅದು ಕ್ರ್ಯಾಂಕಿನ ಜೊತೆಗೇ ಸುತ್ತುತ್ತದೆ, ಮುಳ್ಳು ಇಲ್ಲದ ಡೊಂಕನ್ನು ತೋರಿಸುತ್ತದೆ. ಆ ಸುಳ್ಳು ಡೊಂಕಿಗೆ ತಾನು ಪೆಟ್ಟು ಹಾಕಿ, ನೆಟ್ಟಗಿದ್ದದ್ದನ್ನು ನಿಜವಾಗಿ ಡೊಂಕು ಮಾಡಿ ಕಳಿಸಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮುಚ್ಚಿದ ಡಬ್ಬಿಯ ಮೇಲೆ ಯಾರಿಗೆ ಸಂಶಯ ಬರುತ್ತದೆ? ಹೊಲ ಕಾಯುವ ಬೇಲಿಯೇ ಎದ್ದು ಮೇಯುತ್ತಿತ್ತು.

ಸಂತೋಷದ ಬೆನ್ನಿಗೇ ಸಿಟ್ಟು ಬಂತು, ನೆತ್ತಿಗೇರುವಷ್ಟು. ಅಂಗಡಿಯ ಶಟರು ಎತ್ತುವವರು ತಾನು ಬಿಟ್ಟರೆ ಒಬ್ಬಳೇ. ಇವಳ ಭಕ್ತಿಗೆ ಬೆಂಕಿ ಬೀಳಲಿ! ತನ್ನ ಹೆಸರು, ಉಸ್ತಾದರ ಹೆಸರು, ಜೀವಮಾನದ ಕೆಲಸ, ಎಲ್ಲ ಒಂದು ಚಿಟಿಕೆ ಬೂದಿಗೆ ಹೋಯಿತಲ್ಲ! ಈಗಲೇ ಮನೆಗೆ ಹೋಗಿ ನಾಲ್ಕು ಮನೆ ಕೇಳುವಂತೆ ಬೈಯಬೇಕೆಂದು ಮೇಜಿನಿಂದ ಎದ್ದೂ ಎದ್ದ.

ಎದ್ದವನ ಕಿವಿಗೆ ಆ ಸಂಜೆಯ ಬಸಿಯ ಕಟಕಟ ಕೇಳಿಸಿತು. ಥಂಡಿ ಇರಬೇಕು ಬಿಡ್ರಿ ಅಂದವಳ ಮುಖ ಕಂಡಿತು. ಮಂಡಿನೋವಿನವಳು ಬಸ್ಸಿನಲ್ಲಿ ನಿಂತು ಝರಾಸಂಗಮಕ್ಕೆ ಹೋಗಿ ಬಂದದ್ದು, ಆಮೇಲೆ ಎಷ್ಟೋ ಬೆಳಗು ಅವಳ ಉಗುರಿನ ಸಂದಿ ಬೆಳ್ಳಗಿದ್ದದ್ದು, ರಂಗೋಲಿ ಹಿಟ್ಟಿರಬೇಕೆಂದು ತಾನು ಕೇಳದೆ ಬಿಟ್ಟದ್ದು. ಮೊನೆಗೆ ಹಚ್ಚಿದರೆ ಗಂಡ ಒರೆಸಿಬಿಡುತ್ತಾನೆ ಎಂದು ಅವಳಿಗೆ ಗೊತ್ತು. ಅದಕ್ಕೇ ಡಬ್ಬಿಯೊಳಗೆ ಹಾಕಿದ್ದಾಳೆ. ಇವನ ಒಂದೊಂದು ಅಭ್ಯಾಸವನ್ನೂ ಅಷ್ಟು ಬಲ್ಲವಳು ಬೇರೆ ಯಾರಿದ್ದಾರೆ? ಶಂಕ್ರೆಪ್ಪನ ಸಿಟ್ಟು ಹಾಲು ಉಕ್ಕಿ ಇಳಿದಂತೆ ಇಳಿಯಿತು. ಕೂತ. ಅವಳ ಮೇಲೆ ಪ್ರೀತಿ ಉಕ್ಕಿತು, ಅದರ ಜೊತೆಗೆ ಸ್ವಲ್ಪ ಅಳುವೂ ಬಂತು, ಗಂಡಸಿನ ಜಂಬಕ್ಕೆ ಕೆಮ್ಮಿ ನುಂಗಿಕೊಂಡ.

"ಏನಾಗಿತ್ರಿ?" ಎಂದ ಯಂಕಪ್ಪ.

"ಗ್ರೀಸ್ ಕೆಟ್ಟಿತ್ತು. ನಿನ್ನ ಕತ್ತರಿ ಕೊಡಿಲ್ಲಿ, ಅದನ್ನೂ ತೊಳೀತೀನಿ."

ಡಬ್ಬಿಯ ಗ್ರೀಸನ್ನೆಲ್ಲ ಹಳೆ ಪೇಪರಿನ ಮೇಲೆ ಕೆರೆದು ಹಾಕಿದ. ಡಬ್ಬಿ, ಮೊನೆ, ಕುಳಿ, ಕತ್ತರಿಯ ಕೀಲು, ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದ. ಹೊಸ ಗ್ರೀಸಿನ ಪೊಟ್ಟಣ ಒಡೆದು ಹಚ್ಚಿ ಕ್ರ್ಯಾಂಕು ಏರಿಸಿದ. ಮುಳ್ಳು ಏರಿತು. ಇಳಿಸಿ ಏರಿಸಿದ. ಅಲ್ಲೇ ಏರಿತು. ಮೂರನೆಯ ಸಲವೂ ಅಲ್ಲೇ. ತಾನೇ ಹೊಡೆದು ಮಾಡಿದ ಡೊಂಕು, ಕದಲದೆ ಕೂತಿತ್ತು. ಅಷ್ಟು ನಿಯತ್ತಿನ ಡೊಂಕು ಕಂಡು ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಮುದ್ದು ಮಾಡಬೇಕೆನಿಸಿತು.

ಸುತ್ತಿಗೆಯ ಕಡೆ ಕೈ ಹೋಯಿತು. ನಡುಗುತ್ತಲೇ ಇತ್ತು, ಅದಂತೂ ಸುಳ್ಳಲ್ಲ. ತಾಮ್ರದ ಸುತ್ತಿಗೆ ಅದರೊಳಗೆ ಬಂದು ಕೂತ ಮೇಲೆ ನಿಂತಿತು. ಒಂದು ಪೆಟ್ಟು, ನೋಟ. ಇನ್ನೊಂದು ಸಣ್ಣ ಪೆಟ್ಟು, ನೋಟ. ಮೂರನೆಯದು ಪೆಟ್ಟಲ್ಲ, ಬೆನ್ನು ತಟ್ಟಿದಂತೆ. ಕ್ರ್ಯಾಂಕು ಸುತ್ತಿತು, ಮುಳ್ಳು ಇದ್ದಲ್ಲೇ ಉಸಿರಾಡಿದಷ್ಟು ಆಡಿ ನಿಂತಿತು.

"ತಗೊಂಡು ಹೋಗು," ಎಂದ ಯಂಕಪ್ಪನಿಗೆ. "ಮೋನಮ್ಮಗ ಹೇಳು, ಇನ್ನ ಗಾಡಿ ಮ್ಯಾಲ ಕೂಡು ಅಂತ. ಮರಿಗೂ ಹೇಳು."

ಯಂಕಪ್ಪ ಕ್ರ್ಯಾಂಕಿಗೆ ಕಂಬಳಿ ಹೊದಿಸಿಕೊಂಡು ಹೋದ. ಶಂಕ್ರೆಪ್ಪ ಒಬ್ಬನೇ ಉಳಿದ. ಈಗ ಕಷ್ಟದ ಕೆಲಸ ಬಾಕಿ ಇತ್ತು. ದೀಪಾವಳಿಯಿಂದ ಈಚೆಗೆ ತನ್ನ ಕೈ ದಾಟಿ ಹೋದ ಎಲ್ಲ ಕ್ರ್ಯಾಂಕು ವಾಪಸು ತರಿಸಬೇಕು, ಪುಕ್ಕಟೆ ಸರಿ ಮಾಡಬೇಕು. ಅದಕ್ಕೆ ಏನೆಂದು ಹೇಳುವುದು? ಕೈ ತಪ್ಪಿತ್ತು ಅಂದರೆ ಕಥೆ ಅಲ್ಲಿಗೆ ಮುಗಿಯಿತು, ಮುಂದೆ ಯಾರೂ ಕ್ರ್ಯಾಂಕು ಕೊಡುವುದಿಲ್ಲ. ನಿಜ ಹೇಳಿದರೆ ಸಂಜೆಯೊಳಗೆ ಪೇಟೆಯೆಲ್ಲ ತಾರಾಬಾಯಿಯ ವಿಭೂತಿಯ ಮಾತು, ಪಾಪದವಳು ತರಕಾರಿಗೂ ಹೊರಗೆ ಬರದ ಹಾಗೆ ನಗುತ್ತಾರೆ. ಶಂಕ್ರೆಪ್ಪ ತೊಳೆದ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ. ಆಮೇಲೆ ಸಂಜೀವಕುಮಾರನಿಗೆ ಫೋನು ಹಚ್ಚಿದ.

"ಸಂಜೀವ, ಕೇಳಿಲ್ಲಿ. ದೀಪಾವಳಿ ಆದಮ್ಯಾಲ ನಾ ಮಾಡಿಕೊಟ್ಟವು ಎಷ್ಟು ಅವ ಎಲ್ಲಾ ವಾಪಸ್ ತರಸು. ತಪ್ಪು ಕೈದಲ್ಲಪಾ. ಕೈ ಗಟ್ಟಿ ಅದ. ಗ್ರೀಸಿನಾಗ ಧೂಳ ಕೂತಿತ್ತು."

ಆ ಕಡೆಯಿಂದ ಏನೋ ಕೇಳಿದ.

"ಹ್ಯಾಂಗ ಅಂದ್ರ, ಏನು ಹೇಳ್ಲಿ..." ಶಂಕ್ರೆಪ್ಪ ಒಮ್ಮೆ ಗಂಟಲು ಸರಿ ಮಾಡಿಕೊಂಡ. "ಮುಚ್ಚಳ ನಾನೇ ತೆರೆದಿಟ್ಟಿದ್ದೆ."

ಫೋನಿನಲ್ಲಿ ಸಂಜೀವಕುಮಾರನ ನಗು ಹೊರಗಿನ ತನಕ ಕೇಳಿಸಿತು. "ನೀವ್ರಿ? ಕಾಕಾ, ನೀವು ಮುಚ್ಚಳ ತೆರೆದಿಟ್ರಿ? ಏ, ಬರ್ರೋ ಇಲ್ಲಿ, ಕೇಳ್ರಿ ಕಾಕಾ ಏನಂತಾರ!"

"ನಗು, ನಗು," ಎಂದ ಶಂಕ್ರೆಪ್ಪ. "ನನ್ನ ತಪ್ಪು. ಎಲ್ಲಾರಿಗೂ ಹಂಗೇ ಹೇಳು."

ಫೋನು ಕೆಳಗಿಟ್ಟು ತಿರುಗಿದರೆ ಶಟರಿನ ಹತ್ತಿರ ತಾರಾಬಾಯಿ. ಕೈಯಲ್ಲಿ ರೊಟ್ಟಿ, ಪುಂಡಿಪಲ್ಯದ ಗಂಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೀವು ಮುಚ್ಚಳ ತೆರೆದಿಟ್ರಿ?" ಎಂದಳು.

"ಹೂಂ. ಮರತೆ. ವಯಸ್ಸಾತಲ್ಲ."

ಅವಳು ಗಂಟನ್ನು ಮೇಜಿನ ಮೇಲಿಟ್ಟಳು. ಪೇಪರಿನ ಮೇಲೆ ಕೆರೆದು ಹಾಕಿದ ಗ್ರೀಸು ಕಂಡಿತು. ಅದರೊಳಗಿನ ಬಿಳಿ ಕಂಡಿತು. ಹಾಗೇ ಸ್ಟೂಲಿನ ಮೇಲೆ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಲೋಕ ನಂಬೀತು. ನಾ ಹ್ಯಾಂಗ ನಂಬಲ್ರಿ? ಆ ಡಬ್ಬಿ ನೀವು ಒಂದು ದಿನಾನೂ ತೆರೆದಿಟ್ಟಿಲ್ಲ." ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಹಾಕೇನಿ. ಸೋಮವಾರಕ್ಕೊಮ್ಮೆ, ಒಂದು ಚಿಟಿಕಿ. ನಿಮ್ಮ ಕೈಗಿ ಸಂಗಮೇಶ್ವರ ಆಸರಿ ಆಗ್ಲಿ ಅಂತ. ಇಷ್ಟು ಸಣ್ಣ ಬೂದಿ ಕಬ್ಬಿಣಕ್ಕ ಏನು ಮಾಡೀತು ಅಂದ್ಕೊಂಡೆ. ಹಾಕಿ, ಮುಚ್ಚಳಾನೂ ಗಟ್ಟಿ ಹಾಕ್ತಿದ್ದೆರಿ. ಒಳಗ ಧೂಳ ಬೀಳಬಾರ್ದಂತ."

ಶಂಕ್ರೆಪ್ಪ ನಗಬಾರದೆಂದು ತುಟಿ ಕಚ್ಚಿ ಹಿಡಿದ. ಆಗಲಿಲ್ಲ. ಧೂಳ ಬೀಳಬಾರ್ದಂತ! ಹೊಟ್ಟೆ ಹಿಡಿದು ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅವಳು ಅಳುತ್ತಿದ್ದವಳು ತಲೆಯೆತ್ತಿ, "ನಗಬ್ಯಾಡ್ರಿ, ನಾ ನಿಮ್ಮ ಹೆಸರು ಕೆಡಿಸೇನಿ" ಎಂದು ಗದರಿ, ತಾನೂ ಅಳುತ್ತಳುತ್ತಲೇ ನಕ್ಕಳು.

"ನಾಳಿ ಮೈಲಾರಿ ಬರ್ತಾನಲ್ರಿ, ಟೆಂಪೋ ತಗೊಂಡು?" ಎಂದಳು ಮೂಗು ಒರೆಸಿಕೊಂಡು.

"ಬರ್ಲಿ. ಚಹಾ ಕುಡದು ಹೋಗ್ಲಿ."

ಶಂಕ್ರೆಪ್ಪ ಎದ್ದು ಹೋಗಿ ಬಸವಣ್ಣನ ಪಟದ ಕೆಳಗಿದ್ದ ವಿಭೂತಿಯ ಡಬ್ಬಿ ತಂದ. ಅವಳ ಮುಂದೆ ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದ. ಅಂಗಿಯ ತೋಳು ಮೇಲಕ್ಕೆ ಮಡಚಿ ಬಲಗೈ ಚಾಚಿದ. ಸುತ್ತಿಗೆ ಇರಲಿಲ್ಲ, ಕೈ ಗಾಳಿಗೆ ಎಲೆಯಂತೆ ಅಲುಗುತ್ತಿತ್ತು. ಇಷ್ಟು ದಿನ ಜೇಬಿನಲ್ಲಿ, ಬೆನ್ನ ಹಿಂದೆ, ಬಸಿಯ ಕೆಳಗೆ ಅವಳಿಂದ ಬಚ್ಚಿಟ್ಟುಕೊಂಡ ಕೈ.

"ಕಬ್ಬಿಣಕ್ಕ ಹಚ್ಚಬ್ಯಾಡ ತಾರಾ. ಅದು ನಡುಗೂದಿಲ್ಲ. ಇದಕ್ಕ ಹಚ್ಚು. ದಿನಾ ಹಚ್ಚು."

ಅವಳು ಎಡಗೈಯಲ್ಲಿ ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಬಲಗೈಯ ಮೂರು ಬೆರಳು ಅದ್ದಿ, ನಡುಕ ನಿಲ್ಲುವ ತನಕ ಕಾದು, ಮೂರು ಗೆರೆ ನೆಟ್ಟಗೆ ಎಳೆದಳು. ಎಳೆದ ಮೇಲೂ ಬಿಡಲಿಲ್ಲ.

ಮೇಜಿನ ಮೇಲೆ ವಿಭೂತಿಯ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು. ಶಂಕ್ರೆಪ್ಪನ ಕಣ್ಣು ಅದರ ಮೇಲೆ ಹೋಯಿತು, ಒಮ್ಮೆಯಲ್ಲ, ಎರಡು ಸಲ. ಹೊರಗೆ ಲಾರಿ ಹೋಗಿ ಓಣಿಯ ಧೂಳೆಲ್ಲ ಒಳಗೆ ಬಂತು. ಆದರೂ ಅವನು ಅವಳ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲಿಲ್ಲ. ಮುಚ್ಚಳ ಹಾಗೇ ಬಿದ್ದಿತ್ತು.